ಬೀಸಣಿಗೆ ಸಿಗಡಿ

ಕುರ್ಲಾದ ಮೀನಂಗಡಿ ಸಾಲಿನಲ್ಲಿ ಮುಸ್ತಕೀಮ್
ಪ್ಲಾಸ್ಟಿಕ್ ಕೊಟ್ಟೆಗೆ ಗಾಳಿ ತುಂಬಿ ಗಂಟು ಬಿಗಿಯುತ್ತ ಅಂದಿದ್ದ:
ಸಾಕಬಹುದು ಸಾಹೇಬ, ಮರಿ ಮಾಡಿಸಲಾಗದು.
ಒಂದಕ್ಕೆ ಮುನ್ನೂರೈವತ್ತು. ಎರಡು ಕೊಂಡೆ.

ಇವು ಕಚ್ಚುವುದಿಲ್ಲ, ಬೇಟೆಯಾಡುವುದಿಲ್ಲ.
ಪಂಪು ನೀರುಗುಳುವ ಕಡೆ ಬೇರಿನ ಮೇಲೆ ನಿಂತು
ನಾಲ್ಕು ಕೈಯಲ್ಲಿ ನಾಲ್ಕು ಬೀಸಣಿಗೆ ಬಿಚ್ಚಿ
ಹರಿವು ತಂದದ್ದನ್ನು ಸೋಸಿ
ಸರದಿಯಂತೆ ಒಂದೊಂದೇ ಕೈ ಬಾಯಿಗೊಯ್ಯುತ್ತವೆ,
ಬೆರಳಿಗೆ ಹತ್ತಿದ ಪಾಯಸ ನೆಕ್ಕುವ ಹಾಗೆ.

ವಾರಿಜಾ ನಕ್ಕಳು.
ಅವಳ ಅಮ್ಮ ಸಸೂನ್ ಡಾಕಿನ ಸಿಮೆಂಟು ನೆಲದಲ್ಲಿ ಕೂತು
ಬೆಳಗಿನ ನಾಲ್ಕಕ್ಕೇ ಚಟ್ಲಿ ಸುಲಿದವಳು,
ಕಿಲೋ ಲೆಕ್ಕದ ಕೂಲಿ, ಐಸಿಗೆ ಮರಗಟ್ಟಿದ ಬೆರಳು.
"ಅಲ್ಲ ಮಾರಾಯ್ರೆ, ಅಮ್ಮ ಲಕ್ಷಗಟ್ಟಲೆ ತಲೆ ಮುರಿದಳು,
ನೀವು ಎರಡಕ್ಕೆ ಬಾಣಂತನ ಮಾಡ್ತೀರಾ?"

ಪೊರೆ ಕಳಚಿದ ಮರುವಾರ
ಹೆಣ್ಣಿನ ಹೊಟ್ಟೆಯಡಿ ರಾಗಿಗಿಂತ ಸಣ್ಣ ಮೊಟ್ಟೆ,
ಸಾವಿರವೋ ಎರಡು ಸಾವಿರವೋ.
ಇಪ್ಪತ್ತು ದಿನ ಕಾಲಾಡಿಸಿ ಅವಕ್ಕೆ ಗಾಳಿ ಹಾಕಿತು.
ಒಡೆದದ್ದು ರಾತ್ರಿ. ದೀಪ ಆರಿಸಿ ಮೂಲೆಗೆ ಟಾರ್ಚು ಹಿಡಿದೆ.
ಬಂದವು, ಧೂಳಿಗೆ ಜೀವ ಬಂದಂತೆ,
ತಲೆಕೆಳಗಾಗಿ, ಬೆಳಕಿಗೆ ಮುತ್ತಿಕೊಂಡು.
ಐದನೇ ದಿನ ಒಂದೂ ಇರಲಿಲ್ಲ.

ತಾಯಿಗೆ ಸಿಹಿನೀರು, ಮರಿಗೆ ಉಪ್ಪುನೀರು.
ಹೊಳೆಯಲ್ಲಿ ಹುಟ್ಟಿ ಕಡಲಿಗೆ ಕೊಚ್ಚಿಹೋಗಿ
ಕಾಲು ಬಲಿತ ಮೇಲೆ ಹೊಳೆ ಹತ್ತಿ ಬರುವ ಜಾತಿ.
ಭಾಂಡೂಪಿನ ಮೂರನೇ ಮಾಳಿಗೆಯಲ್ಲಿ
ಹೊಳೆ ಎಲ್ಲಿ, ಕಡಲು ಎಲ್ಲಿ.

ಎರಡನೇ ಸಲ ಅಡುಗೆ ಉಪ್ಪು. ಅದನ್ನು ಬರೆಯುವುದೇ ಬೇಡ.

ಮೂರನೇ ಸಲ ವರ್ಸೋವಾಕ್ಕೆ ಹೋದೆ.
ದೋಣಿಯವನಿಗೆ ಐವತ್ತು ಕೊಟ್ಟು ಆಚೆಯ ತಿಳಿನೀರು ತರಿಸಿದೆ.
ಇಪ್ಪತ್ತು ಲೀಟರಿನ ಕ್ಯಾನು ಹೊತ್ತು
ಅಂಧೇರಿಯಿಂದ ದಾದರು, ದಾದರಿನಲ್ಲಿ ಸೇತುವೆ ಹತ್ತಿ ಇಳಿಯುವಾಗ
ಪೊಲೀಸು ಮುಚ್ಚಳ ಬಿಚ್ಚಿಸಿ ಮೂಸಿದ. ಕ್ಯಾ ಹೈ?
ಸಮುದ್ರ, ಅಂದೆ.
ಕ್ಯಾನು ನೋಡಿದ, ನನ್ನ ಮುಖ ನೋಡಿದ,
ಜಾ ಬಾಬಾ, ಅಂದ.

ಬಾಲ್ಕನಿಯಲ್ಲಿ ಬಾಟಲಿಗಳ ಸಾಲು, ಒಳಗೆ ಪಾಚಿಯ ಹಸಿರು ನೀರು,
ಮರಿಗಳ ಹಾಲು ಅದೇ.
ನಲಾವಡೆ ಬಾಯಿ ಸಕ್ಕರೆ ಕಾಯಿಲೆಯ ಮದ್ದೆಂದು ತಿಳಿದು
ತನಗೂ ಒಂದು ಬಾಟಲಿ ಬೇಡಿದಳು.

ಉಪ್ಪಿನ ಅಳತೆಗೆ ಲ್ಯಾಬಿನಿಂದ ಗಾಜಿನ ಕಡ್ಡಿ ತಂದಿದ್ದೆ.
ಆರಿದ ನೀರಿಗೆ ಸಿಹಿನೀರು ಸುರಿಯುತ್ತಿದ್ದ ಒಂದು ಸಂಜೆ
ವಾರಿಜಾ ಬೆರಳದ್ದಿ ನಾಲಿಗೆಗಿಟ್ಟಳು:
"ಸಾಕು ಮಾಡಿ. ಇದು ನೆರೆ ಬಂದ ಅಳಿವೆ, ಕಡಲಲ್ಲ."
ಕಡ್ಡಿ ಮುಳುಗಿಸಿದೆ. ಅವಳು ಹೇಳಿದ್ದೇ ಸರಿ.
ಅಂದಿನಿಂದ ಕಡ್ಡಿ ಡ್ರಾಯರಿನಲ್ಲಿ.
ದಿನಾ ಹಲ್ಲುಜ್ಜುವ ಮೊದಲು ಕಡಲಿನ ರುಚಿ ನೋಡಿ
ಮೋರೆ ಕಿವುಚಿ ಹೇಳುವಳು: ಇನ್ನರ್ಧ ಲೋಟ.

ಮುನ್ನೂರಿದ್ದದ್ದು ತೊಂಬತ್ತಾಯಿತು.
ಕರೆಂಟು ಹೋದ ರಾತ್ರಿ ಇಬ್ಬರೂ ಸರದಿಯಲ್ಲಿ
ಸೈಕಲ್ ಪಂಪಿನಿಂದ ಉಸಿರು ಊದಿದೆವು.
ಬೆಳಗಾದಾಗ ಹದಿನೇಳು.
ಇನ್ನು ಎಣಿಸಬೇಡಿ, ಅಂದಳು.

ಶುಕ್ರವಾರ ಮನೆಯಲ್ಲಿ ಚಟ್ಲಿ ಸುಕ್ಕ. ಅದರ ಲೆಕ್ಕ ಬೇರೆ.

ಎಪ್ಪತ್ತೊಂದನೆಯ ದಿನ
ತಲೆಕೆಳಗಾಗಿ ತೇಲುತ್ತಿದ್ದವುಗಳಲ್ಲಿ ಒಂದು
ಗಾಜಿನ ತಳದಲ್ಲಿ ನಡೆಯುತ್ತಿತ್ತು.
ಅಕ್ಕಿನುಚ್ಚಿನಷ್ಟು ಮೈ, ಆದರೆ ನಡಿಗೆ.
ವಾರದಲ್ಲಿ ಇನ್ನೆರಡು.
ಲೋಟ ಲೋಟ ಸಿಹಿನೀರು ಬೆರೆಸಿ
ಮೂರನ್ನೂ ಹೊಳೆಗೆ ಹತ್ತಿಸಿದೆವು.

ಮುಸ್ತಕೀಮನಿಗೆ ಫೋನು ಮಾಡಿದೆ. ಮೊದಲು ನಂಬಲಿಲ್ಲ,
ಆಮೇಲೆ, ಎಷ್ಟಕ್ಕೆ ಕೊಡ್ತೀರಿ, ಅಂದ.
ವಾರಿಜಾ ಕಸಿದು ಫೋನಿಟ್ಟಳು.

ಈಗ ಸ್ಟೂಲೆಳೆದು ಗಾಜಿನೆದುರು ಕೂತಿದ್ದಾಳೆ,
ಅಮ್ಮನದೇ ಮೊಂಡು ಬೆರಳು ಗಾಜಿಗೆ ಹಚ್ಚಿ.
ಪಂಪಿನ ಬಾಯಲ್ಲಿ ನಿಂತ ಮರಿ ಕೂದಲೆಳೆಯ ಬೀಸಣಿಗೆ
ಬಿಚ್ಚಿತು, ಮಡಚಿತು, ಬಾಯಿಗಿಟ್ಟಿತು.
ನನಗೇನೂ ಕಾಣಲಿಲ್ಲ.
"ಏನೋ ಸಿಕ್ಕಿದೆ," ಅಂದಳು,
"ಸುಮ್ಮನಿರಿ, ಜಗೀತಾ ಉಂಟು."